ಬಾವಿ ಒಪ್ಪದ ಅಡ್ಡಹೆಸರು

ಒಂದಾನೊಂದು ಊರಲ್ಲಿ ಒಂದು ಬಾವಿ ಇತ್ತಂತೆ, ಆ ಬಾವಿಗೆ ಕಿವಿ ಇತ್ತಂತೆ ಎಂದು ಆಯಿ ಕಥೆ ಶುರುಮಾಡುತ್ತಿದ್ದಳು. ಆಯಿ ಅಂದರೆ ನನ್ನ ಅಪ್ಪನ ಅವ್ವ. ಯಾವ ಊರು ಆಯಿ ಎಂದು ಕೇಳಿದರೆ, “ನೀ ಸುಮ್ಮ ಹೂಂ ಅನ್ನು, ಹೂಂ ಅಂದ್ರ ಊರು ತಾನ ಬರತೈತಿ” ಎನ್ನುತ್ತಿದ್ದಳು. ನಾನು ಹೂಂ ಅನ್ನುತ್ತ ಅನ್ನುತ್ತ ನಿದ್ದೆ ಹೋಗುತ್ತಿದ್ದೆ. ಆ ಊರು ನಮ್ಮದೇ ಎಂದು ತಿಳಿದದ್ದು ಆಯಿ ಹೋದ ಮೇಲೆ.

ನಮ್ಮೂರಿಗೆ ಇರುವುದು ಒಂದೇ ಬಾವಿ. ಕೊಡ ಇಳಿಬಿಟ್ಟು, ಅದು ನೀರು ಮುಟ್ಟಿದ ಸಪ್ಪಳ ಬಂದಾಗ, ಬಾಗಿ ನಿಂತು ಅಡ್ಡಹೆಸರು ಹಿಡಿದು ನಿಮ್ಮ ಹೆಸರು ಹೇಳಬೇಕು. ಆ ಹೆಸರಿನ ಕೆಲಸ ನಿಮ್ಮ ಕೈಗೆ ಬರುತ್ತಿದ್ದರೆ ಕೊಡ ತುಂಬಿ ಬರುತ್ತದೆ. ಬಾರದಿದ್ದರೆ ಒಣಕೊಡ. ಅಷ್ಟೇ. ಹಾಗಾಗಿ ಚಾವಿ ಮನೆತನದ ವಕೀಲರು ಕೋರ್ಟಿಗೆ ರಜೆ ಬಂದಾಗ ಕೋಟು ಕಳಚಿಟ್ಟು, ಅರ ಹಿಡಿದು ಒಂದು ಚಾವಿ ತಿಕ್ಕುತ್ತಾರೆ. ಜರಡಿ ಮನೆತನದ ಡಾಕ್ಟರು ರೋಗಿಗಳ ಎದುರಿಗೇ ಜರಡಿ ಹೆಣೆಯುತ್ತ, “ನಾಲಗಿ ತಗೀರಿ” ಎನ್ನುತ್ತಾರೆ. ಮದುವೆಯಾಗಿ ಬಂದ ಸೊಸೆಯರು ಅತ್ತೆಯ ಕೈಯಡುಗೆ ಕಲಿಯುವ ಮೊದಲು ಆ ಮನೆಯ ಅಡ್ಡಹೆಸರಿನ ಕೆಲಸ ಕಲಿಯುತ್ತಾರೆ. ಹೊರಗಿನಿಂದ ಬಂದವರ ದನಿ ಬಾವಿಗೆ ಕೇಳಿಸುವುದೇ ಇಲ್ಲ, ಅವರಿಗೆ ಯಾರಾದರೂ ಸೇದಿ ಕೊಡುತ್ತಾರೆ. ಬಾವಿಯಿಂದ ಬರುವವರು ಎದುರಾದರೆ ನಮ್ಮೂರ ಜನ ಮುಖ ನೋಡುವುದಿಲ್ಲ, ಕೊಡ ನೋಡುತ್ತಾರೆ. ತುಂಬಿದ ಕೊಡ ಕಂಡರೂ ಸಮಾಧಾನವಿಲ್ಲ. ನಾಳೆ ತುಂಬುತ್ತದೋ ಇಲ್ಲವೋ ಎಂದು ಮತ್ತೆ ಹೊರಳಿ ನೋಡುತ್ತಾರೆ.

ಹಗ್ಗದ, ಗಡಿಗಿ, ತಕ್ಕಡಿ, ಜರಡಿ ಎಂಬ ಅಡ್ಡಹೆಸರುಗಳ ನಡುವೆ ನಮ್ಮದು ಕೂಪರ್. ನಾನು ಕೂಪರ್ ಇರಾವತಿ. ನನ್ನ ಮುತ್ತಜ್ಜನ ಅಪ್ಪ ಬಿಳಿಯ. ಅವನು ಹಡಗಿನ ಕಪ್ತಾನನಾಗಿದ್ದ ಎಂದು ಆಯಿ ಹೇಳುತ್ತಿದ್ದಳು. ಅವನ ಹಡಗು ಸಮುದ್ರ ಸಾಲದೆ ನೆಲದ ಮೇಲೂ ಹರಿದು ಬಂದು ನಮ್ಮೂರಿನ ಗುಡ್ಡಕ್ಕೆ ಸಿಕ್ಕಿಕೊಂಡಿತಂತೆ. ನಮ್ಮ ಪಡಸಾಲೆಯ ಗೋಡೆಗೆ ತೂಗಿಹಾಕಿದ್ದ ದೊಡ್ಡ ದೊಡ್ಡ ಕಬ್ಬಿಣದ ಬಳೆಗಳು, ತಿಮಿಂಗಿಲದ ಮದುವೆಗೆಂದು ಅವನು ಮಾಡಿಸಿದ್ದವು. ಅಟ್ಟದ ಮೇಲಿದ್ದ ಎರಡು ಹಿಡಿಯ ಬಾಗಿದ ಕತ್ತಿ, ಎರಡು ಕೈಯಲ್ಲೂ ಯುದ್ಧ ಮಾಡುವವನ ಕತ್ತಿ. ಮೂಲೆಗೆ ಒರಗಿಸಿದ್ದ, ನನಗಿಂತ ಎತ್ತರದ, ನಡುವೆ ಅಲಗು ಕೂರಿಸಿದ ಮರದ ದಿಮ್ಮಿ ಅವನ ಹಡಗಿನ ನಾಲಗೆ. ಆಯಿ ಮಲಗುತ್ತಿದ್ದ ಮಂಚದ ಹಲಗೆಗಳು ನಡುವೆ ಉಬ್ಬಿಕೊಂಡಿದ್ದವು. ಬೆನ್ನು ನೋಯುವುದಿಲ್ಲವೇ ಎಂದರೆ, “ತೆರಿ ಮ್ಯಾಲ ಮಲಗಿದ್ರ ಬೆನ್ನು ನೋಯತೈತೇನ ಹುಚ್ಚಿ?” ಎನ್ನುತ್ತಿದ್ದಳು. ನಾನು ಎಲ್ಲವನ್ನೂ ನಂಬಿದ್ದೆ. ಅಪ್ಪ ಅವ್ವ ಇಬ್ಬರೂ ನನಗೆ ಬುದ್ಧಿ ಬರುವ ಮೊದಲೇ ಒಂದೇ ಜ್ವರದಲ್ಲಿ ಹೋಗಿದ್ದರು. ನಂಬುವುದಕ್ಕೆ ಆಯಿಯ ಹೊರತು ಬೇರೆ ಯಾರೂ ಇರಲಿಲ್ಲ.

ಬಾವಿಗೆ ಮಾತ್ರ ಆಯಿ ನನ್ನನ್ನು ಕಳಿಸಿದವಳಲ್ಲ. ತಾನೇ ಹೋಗಿ, ತುಂಬಿದ ಕೊಡ ತಂದು, ನನ್ನ ಕಾಲ ಮೇಲೆ ಒಂದಿಷ್ಟು ಚೆಲ್ಲಿ ನಗುತ್ತಿದ್ದಳು. ಆಯಿ ಸತ್ತ ಹದಿಮೂರನೆಯ ದಿನ ಮನೆ ತೊಳೆಯುವುದಕ್ಕೆ ನಾನು ಮೊದಲ ಸಲ ಕೊಡ ಹಿಡಿದು ಹೋದೆ. “ಕೂಪರ್ ಇರಾವತಿ” ಎಂದೆ. ಹಗ್ಗ ಹಗುರಾಗಿತ್ತು. ಮೇಲೆ ಬಂದ ಕೊಡದ ತಳದಲ್ಲಿ ಒಂದು ಒಣಗಿದ ಎಲೆ ಇತ್ತು. ಮತ್ತೊಮ್ಮೆ ಬಿಟ್ಟೆ, ಕಪ್ತಾನ ಎಂದೂ ಸೇರಿಸಿ ಹೇಳಿದೆ. ಎಲೆಯೂ ಇರಲಿಲ್ಲ.

ಹಿಂದೆ ನಿಂತವರಲ್ಲಿ ಗಡಿಗಿ ನೀಲಪ್ಪ ಇದ್ದ. ಕುಂಬಾರಿಕೆಯಲ್ಲಿ ಅವನಷ್ಟು ನೇಮಿನ ಮನುಷ್ಯ ಇಲ್ಲ, ಸಂಶಯದಲ್ಲೂ ಇಲ್ಲ. ತಾನೇ ಸುಟ್ಟ ಗಡಿಗೆಯನ್ನು ಬಡಿದು ನೋಡಿ, ಹೆಂಡತಿಯ ಕೈಯಿಂದ ಬಡಿಸಿ ನೋಡಿ, ಆಮೇಲೆ ದಾರಿಹೋಕರಿಂದಲೂ ಬಡಿಸುವವನು.

“ನೋಡ್ರಿ, ನಾ ಮೊದಲ ಹೇಳಿದ್ದೆ” ಎಂದ, ಯಾವತ್ತೂ ಏನೂ ಹೇಳದಿದ್ದವನು. “ಮುದುಕಿ ಏನೋ ಮಾಟ ಮಾಡಿ ನೀರ ಸೇದತಿದ್ಲು. ಮಾಟ ಆಕಿ ಸಂಗಾಟ ಹೋತು.”

ಮರುದಿನ ಬಾವಿಕಟ್ಟೆಯ ಮೇಲೆ ಪಂಚರು ಕೂತರು. ಹಿರಿಯರಾದ ತಕ್ಕಡಿ ಗುರಬಸಪ್ಪ ಕಾಕಾ ಯಾವ ಮಾತನ್ನೂ ತೂಗದೆ ಹೇಳುವವರಲ್ಲ.

“ಬಾವಿ ಒಲ್ಲೆ ಅಂದವರಿಗೆ ಬರೂ ಅಮಾಸಿ ತನಕ ನೆರಿಮನ್ಯಾವರು ನೀರ ಕೊಡಬಹುದು. ಆಮ್ಯಾಲ ಊರ ಬಿಡಬೇಕು. ಇದು ನಾ ಮಾಡಿದ್ದಲ್ಲವಾ ತಂಗಿ, ಹಿಂದಿನಿಂದ ಬಂದದ್ದು. ನಿಮ್ಮ ಅಡ್ಡಹೆಸರಿನ ಕೆಲಸ ಯಾವುದು? ಮಾಡಿ ತೋರಸ್ತೀಯೇನು?”

“ತೋರಸ್ತೀನಿ” ಎಂದುಬಿಟ್ಟೆ.

“ಯಾವುದು?”

“ಅದನ್ನ… ಮಾಡಿದ ಮ್ಯಾಲ ನೀವ ನೋಡ್ತೀರಿ.”

ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ. ಮಾತು ಕೊಟ್ಟದ್ದಾಯಿತು, ಕೆಲಸ ಯಾವುದೆಂದು ಮಾತ್ರ ಗೊತ್ತಿಲ್ಲ. ಆಯಿಯ ಕಥೆಗಳಲ್ಲಿ ಹೀಗೆ ಮಾತು ಕೊಟ್ಟ ರಾಜಕುಮಾರಿಗೆ ಒಂದು ಗಿಳಿ ಬಂದು ದಾರಿ ಹೇಳುತ್ತಿತ್ತು. ನನ್ನ ಹಿತ್ತಿಲಿಗೆ ಬಂದದ್ದು ಕಾಗೆ, ಅದೂ ನೀರಿಲ್ಲವೆಂದು ಬೈದು ಹೋಯಿತು.

ಊರಿನವರು ತಲೆಗೊಂದು ಅರ್ಥ ಹೇಳಿದರು. ಕೂಪರ್ ಅಂದರೆ ಪೊಲೀಸರಲ್ಲಿ ಒಂದು ಹುದ್ದೆ ಎಂದರು. ಗೂಢಚಾರ, ಅದಕ್ಕೇ ಆ ಮನೆಯವರು ಕೆಲಸದ ಸುದ್ದಿ ಎತ್ತುವುದಿಲ್ಲ ಎಂದರು. ಸಂಸ್ಕೃತ ಓದಿದ ಹಿರಿಯರೊಬ್ಬರು ಕೂಪ ಅಂದರೆ ಬಾವಿ, ತೋಡುವವರೇ ಕೂಪರು ಎಂದಾಗ ನಾನು ಹಿತ್ತಿಲಲ್ಲಿ ಸೊಂಟದ ಮಟ ಅಗೆದೆ. ಅಂಗೈ ಬೊಬ್ಬೆ ಎದ್ದವು, ಬಂಡೆ ಸಿಕ್ಕಿತು. ಬಾವಿಗೆ ಹೋಗಿ ಹೆಸರು ಹೇಳಿದೆ. ಒಣಕೊಡ.

ನೆರೆಮನೆಯ ಹಗ್ಗದ ಕಾಶವ್ವ ಚಿಗವ್ವ ದಿನಕ್ಕೊಂದು ಕೊಡ ನೀರು ತಂದು ನನ್ನ ಬಾಗಿಲಲ್ಲಿ ಇಡುತ್ತಿದ್ದಳು. ಇಡುವಾಗ ಕೊಡದ ಕಡೆ ನೋಡದೆ ನನ್ನ ಮುಖವನ್ನೇ ನೋಡುತ್ತಿದ್ದಳು, ಕದ್ದ ಮಾಲು ಎಲ್ಲಿಟ್ಟಿದ್ದಾಳೆ ಎಂದು ಹುಡುಕುವವರಂತೆ.

“ನಿಮ್ಮಾಯಿ ನಿನಗ ಏನೂ ಹೇಳೇ ಇಲ್ಲೇನ? ಖರೇ ಹೇಳು.”

“ಹೇಳ್ಯಾಳ ಚಿಗವ್ವಾ. ತಿಮಿಂಗಿಲದ ಮದುವಿ ಸುದ್ದಿ.”

“ಅದಽ ಅಂತೀನಿ. ಮಂದಿ ಮಕ್ಕಳಿಗೆ ರೊಟ್ಟಿ ಬಡಿಯೂದು ಕಲಿಸ್ತಾರ, ಆಕಿ ನಿನಗ ತಿಮಿಂಗಿಲ ಕಲಿಸ್ಯಾಳ.”

ಆಗಲೇ ಶಾಲೆಯ ಫಿಲೋಮಿನಾ ಅಕ್ಕಾರು ನಮ್ಮ ಮನೆಗೆ ಬಂದದ್ದು. ಸಮುದ್ರದ ಕಡೆಯವರು, ಇಂಗ್ಲಿಷು ಕಲಿಸಲು ಬಂದು ವರ್ಷವೂ ಆಗಿರಲಿಲ್ಲ. ಒಳಗೆ ಬಂದವರೇ ತೊಲೆ ನೋಡಿದರು, ಕಿಟಕಿ ಎಳೆದು ನೋಡಿದರು.

“ಈ ಮನೆ ಅಮಾವಾಸ್ಯೆಗೆ ಖಾಲಿ ಆಗ್ತದಂತೆ. ಬಾಡಿಗೆಗೆ ಸಿಗ್ತದಾ ಅಂತ ನೋಡಿ ಹೋಗುವ ಅಂತ ಬಂದೆ” ಎಂದರು, ಮುಚ್ಚುಮರೆಯಿಲ್ಲದೆ. ನನಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಅವರ ಕಣ್ಣು ಮೂಲೆಯ ದಿಮ್ಮಿಯ ಮೇಲೆ ಬಿತ್ತು. “ಅರೆ, ಇದು ಇಲ್ಲಿ ಎಂತಕ್ಕೆ ಉಂಟು? ಇದು ಮರ ಕೀಸುವ ತೋಪಡ ಅಲ್ವಾ?”

“ಹಡಗಿನ ನಾಲಗಿ ಅದು” ಎಂದೆ.

“ಎಂತ ನಾಲಗೆ! ನಮ್ಮ ಬಂದರದಲ್ಲಿ ಪೀಪಾಯಿ ಕಟ್ಟುವ ಒಬ್ಬ ಮುದುಕ ಇದ್ದ, ಅವನ ಹತ್ತಿರ ಇಂಥದ್ದೇ ಇತ್ತು. ಬೇರೆ ತೋಪಡವಾದರೆ ಹಲಗೆ ಸುಮ್ಮನಿರ್ತದೆ, ನಾವು ತೋಪಡ ನೂಕುವುದು. ಇದು ಅಲಗು ಮೇಲೆ ಮಾಡಿ ಮಲಗಿರ್ತದೆ, ಹಲಗೆಯನ್ನೇ ಇದರ ಮೇಲೆ ನೂಕುವುದು. ನಿಮ್ಮ ಅಡ್ಡಹೆಸರು ಎಂತ ಹೇಳಿದ್ದು?”

“ಕೂಪರ್.”

ಅಕ್ಕಾರು ಆಯಿಯ ಮಂಚದ ಮೇಲೆ ಕೂತು, ಉಬ್ಬು ಚುಚ್ಚಿ ಎದ್ದು ನಿಂತು, ಮತ್ತೆ ಕೂತರು. ನಗು ತಡೆಯಲಾಗಲಿಲ್ಲ ಅವರಿಗೆ.

“ಅವರ ದೇಶದಲ್ಲೂ ನಿಮ್ಮೂರಿನ ಹಾಗೇ ಇತ್ತು ಮಾರಾಯ್ತಿ. ಬಹಳ ಹಿಂದೆ ಜಾನ್, ವಿಲಿಯಂ ಅಂತ ಬರೀ ಹೆಸರು. ಒಂದೇ ಓಣಿಯಲ್ಲಿ ನಾಲ್ಕು ಜಾನ್ ಆದರೆ ಯಾರನ್ನು ಕರೆದದ್ದು ಅಂತ ಗೊತ್ತಾಗುವುದು ಹೇಗೆ? ಕಬ್ಬಿಣ ಬಡಿಯುವ ಜಾನ್ ಸ್ಮಿತ್ ಆದ, ರೊಟ್ಟಿ ಸುಡುವವ ಬೇಕರ್ ಆದ, ಪೀಪಾಯಿ ಕಟ್ಟುವವ ಕೂಪರ್ ಆದ. ಆಗ ಎಲ್ಲವೂ ಪೀಪಾಯಿಯಲ್ಲೇ. ಮೀನು, ಬೆಣ್ಣೆ, ಹೆಂಡ, ಬಂದೂಕಿನ ಮದ್ದು. ಹಡಗು ಹೊರಟರೆ ಕುಡಿಯುವ ನೀರೂ. ಆಮೇಲೆ ಕೂಪರನ ಮಗ ದರ್ಜಿಯಾದ, ಮೊಮ್ಮಗ ಗುಮಾಸ್ತನಾದ, ಹೆಸರು ಮಾತ್ರ ಕೂಪರ್ ಅಂತಲೇ ನಿಂತಿತು. ಅಲ್ಲಿ ಬಾವಿ ಕೇಳುವುದಿಲ್ಲವಲ್ಲ!”

“ಮತ್ತ ಕಪ್ತಾನ?”

“ಪೀಪಾಯಿ ಕಟ್ಟಲಿಕ್ಕೆ ಕಪ್ತಾನ ಎಂತಕ್ಕೆ? ಹಡಗಿನಲ್ಲಿ ಕೂಪರ್ ಇರುವುದು ಕೆಳಗೆ, ಇಲಿಗಳ ಒಟ್ಟಿಗೆ. ಪೀಪಾಯಿ ಸೋರದ ಹಾಗೆ ನೋಡಿಕೊಳ್ಳುವುದೇ ಅವನ ಕೆಲಸ.”

ಅವರು ಹೋದ ಮೇಲೆ ನಾನು ಬಹಳ ಹೊತ್ತು ಗೋಡೆಯ ಬಳೆಗಳನ್ನು ನೋಡುತ್ತ ಕೂತೆ. ತಿಮಿಂಗಿಲದ ಕೈ ಅವುಗಳಿಂದ ಮೆಲ್ಲಗೆ ಕಳಚಿಕೊಂಡು ಹೋಯಿತು. ಉಳಿದದ್ದು ಪೀಪಾಯಿಗೆ ಬಿಗಿಯುವ ಪಟ್ಟಿ, ತುಕ್ಕು. ಆಮೇಲೆ ಸಂಶಯ ಶುರುವಾಯಿತು. ಮನೆ ಬೇಕಾದವರು ಮನೆ ಉಳಿಸಿಕೊಳ್ಳುವ ದಾರಿ ಯಾಕೆ ಹೇಳುತ್ತಾರೆ? ಸುಳ್ಳು ಕೆಲಸಕ್ಕೆ ಹಚ್ಚಿ, ಅಮಾವಾಸ್ಯೆ ತನಕ ಕಾಲ ಕಳೆಸುವ ಹೂಟವೇ? ಇನ್ನೊಂದು ಸಂಶಯ ಇದಕ್ಕಿಂತ ಕಹಿ. ಆಯಿಗೆ ಕೊಡ ತುಂಬಿ ಬರುತ್ತಿತ್ತು. ಅಂದರೆ ಆಯಿಗೆ ಈ ಕೆಲಸ ಬರುತ್ತಿತ್ತು. ಸೊಸೆಯಾಗಿ ಬಂದಾಗ ಮಾವ ಕಲಿಸಿರಬೇಕು. ಗೊತ್ತಿದ್ದೂ ಯಾಕೆ ಕಪ್ತಾನನನ್ನು ಕಟ್ಟಿದಳು? ತಗಡಿನ ಡಬ್ಬಿ ಬಂದ ಕಾಲಕ್ಕೆ ಈ ಮನೆ ಉಪವಾಸ ಬಿದ್ದಿತ್ತು ಎಂದು ಕಾಶವ್ವ ಒಮ್ಮೆ ಅಂದದ್ದು ನೆನಪಾಯಿತು, ಪೀಪಾಯಿ ಕೇಳುವವರು ಇಲ್ಲದಾಗಿರಬೇಕು. ಹಸಿದ ಕೂಪರನಿಗಿಂತ ಉಂಡ ಕಪ್ತಾನ ಮೇಲೆಂದು ಆಯಿಗೆ ಅನಿಸಿತ್ತೋ ಏನೋ. ನನಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಮಂಚ ಬಿಚ್ಚಿದೆ.

ಬಿಚ್ಚಿದಾಗ ಸಿಕ್ಕ ಹಲಗೆಗಳೆಲ್ಲ ಒಂದೇ ತರ. ನಡುವೆ ಅಗಲ, ತುದಿಗೆ ಸಣ್ಣ. ಅಂಚು ನೇರವಾಗಿ ಕತ್ತರಿಸಿದ್ದಲ್ಲ, ಒಳಗೆ ವಾಲಿಸಿ ತಿಕ್ಕಿದ್ದು. ಎರಡು ಹಲಗೆಗಳನ್ನು ಪಕ್ಕ ಪಕ್ಕ ಹಿಡಿದರೆ ತಾವಾಗಿಯೇ ದುಂಡಗೆ ತಿರುಗಲು ನೋಡುತ್ತಿದ್ದವು. ಆಯಿ ಮಲಗಿದ್ದ ತೆರೆ ಅದೇ. ಅವನ್ನೇ ಜೋಡಿಸಿ ಪಟ್ಟಿ ಬಿಗಿದರೆ ಆಯಿತು ಎಂಬ ಆಸೆ ಒಂದು ಗಳಿಗೆ ಬಂತು. ಆದರೆ ಅದು ಸತ್ತವರ ಕೈಕೆಲಸ, ಬಾವಿಗೆ ಕಿವಿ ಇದೆ.

ಆಯಿಯ ತಾಮ್ರದ ಹಂಡೆ ಕೊಟ್ಟು ಗಾಡಿ ಕಟ್ಟುವವರ ಓಣಿಯಿಂದ ಮತ್ತಿಮರದ ಹಲಗೆ ತಂದೆ. ನೀರಿಲ್ಲದ ಮನೆಗೆ ಹಂಡೆ ಯಾಕೆ? ಹೊಟ್ಟೆಯುಬ್ಬಿದ ಪೀಪಾಯಿ ಮಾಡಲು ಬೆಂಕಿ ಕೊಟ್ಟು ಮರ ಬಗ್ಗಿಸಬೇಕು. ಅದು ನನ್ನಿಂದ ಆಗದು ಎಂದು ಎರಡು ಹಲಗೆ ಸೀಳಿದ ಮೇಲೆ ತಿಳಿಯಿತು. ಬಾಯಿ ಸಣ್ಣ, ತಳ ದೊಡ್ಡ, ಮೈ ನೇರ, ಅಂಥದ್ದೊಂದನ್ನು ಮಾಡುವುದೆಂದು ನಿಶ್ಚಯಿಸಿದೆ. ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಬಡಿದಂತೆಲ್ಲ ಅದು ಬಿಗಿಯುತ್ತದೆ. ಎರಡು ಹಿಡಿಯ ಕತ್ತಿಯನ್ನು ಎದೆಯ ಕಡೆಗೆ ಎಳೆದು ಹಲಗೆಯ ಬೆನ್ನು ದುಂಡಗೆ ಮಾಡಿದೆ. ಯುದ್ಧದ ಕತ್ತಿ ಎಂದು ನಾನು ಹೆದರಿ ಮುಟ್ಟದೆ ಇದ್ದದ್ದು, ಕೂತು ಎಳೆಯುವ ಕತ್ತಿ. ಉದ್ದನೆಯ ತೋಪಡದ ಮೇಲೆ ಹಲಗೆ ನೂಕಿ ಅಂಚು ತಿಕ್ಕಿದೆ. ಮಂಚದ ಹಲಗೆಯನ್ನು ಪಕ್ಕಕ್ಕಿಟ್ಟು ವಾಲು ಸರಿಯಿದೆಯೇ ಎಂದು ಬೆಳಕಿಗೆ ಹಿಡಿದೆ. ಬೆಳಕು ನುಸುಳಿದರೆ ಮತ್ತೆ ನೂಕಿದೆ.

ಊರಿಗೆ ನನ್ನ ಹಿತ್ತಿಲಿನ ಸಪ್ಪಳ ಕೇಳಿಸುತ್ತಿತ್ತು, ಕೆಲಸ ಕಾಣಿಸುತ್ತಿರಲಿಲ್ಲ. ಶವದ ಪೆಟ್ಟಿಗೆ ಮಾಡುತ್ತಿದ್ದಾಳೆ ಎಂದು ಸುದ್ದಿಯಾಯಿತು. ಯಾರಿಗೆ ಎಂಬ ಮಾತೂ ಬಂತು. ಗಡಿಗಿ ನೀಲಪ್ಪ ಬೇಲಿಯ ಸಂದಿಯಲ್ಲಿ ಕಣ್ಣಿಟ್ಟು ನಿಲ್ಲತೊಡಗಿದ.

“ಒಳಗ ಬಂದ ನೋಡ್ರಿ ಕಾಕಾ” ಎಂದೆ ಒಂದು ದಿನ.

“ನಾ ಎಲ್ಲಿ ನೋಡಾಕತ್ತೀನಿ? ನನ್ನ ಆಡು ಈ ಕಡೆ ಬಂತು.”

“ನಿಮ್ಮನ್ಯಾಗ ಆಡು ಎಲ್ಲೈತಿ?”

“ಅದಕ್ಕಽ ಹುಡುಕಾಕತ್ತೀನಿ” ಎಂದು ಹೋದ.

ಮೊದಲು ಒಂದು ಸಣ್ಣ ಬಕೀಟು ಮಾಡಿ ನೋಡಿದೆ. ಕಾಶವ್ವ ತಂದ ಕೊಡದ ನೀರನ್ನು ಅದಕ್ಕೆ ಹೊಯ್ದೆ. ಎಲ್ಲ ಸಂದಿಯಿಂದಲೂ ಧಾರೆಯಾಗಿ ಇಳಿದುಹೋಯಿತು. ಕೆಳಗೆ ಪರಾತ ಇಟ್ಟು, ಸೋರಿದ್ದನ್ನು ಎತ್ತಿ ಮತ್ತೆ ಹೊಯ್ದೆ. ಅಳುತ್ತ ಹೊಯ್ದೆ, ಅನ್ನಕ್ಕೆ ನೀರಿಲ್ಲದೆ ಹೊಯ್ದೆ. ಎಷ್ಟೋ ಹೊತ್ತಿನ ಮೇಲೆ ಪರಾತದೊಳಗಿನ ಸಪ್ಪಳ ಬೇರೆಯಾಯಿತು. ಧಾರೆ ಹನಿಯಾಗಿತ್ತು. ಮರಕ್ಕೆ ನೀರಡಿಕೆ, ಕುಡಿದಷ್ಟೂ ಉಬ್ಬುತ್ತದೆ, ಉಬ್ಬಿದಷ್ಟೂ ತಂಗಿ ಅಕ್ಕನನ್ನು ತಬ್ಬಿದಂತೆ ಹಲಗೆ ಹಲಗೆಯನ್ನು ಒತ್ತುತ್ತದೆ. ಆದರೆ ಹನಿ ಪೂರಾ ನಿಲ್ಲುವ ಮೊದಲೇ ನೀರು ತೀರಿತು. ಅದು ನಿಜವಾಗಿ ನಿಲ್ಲುತ್ತದೆಯೇ? ಬಕೀಟಿಗೇ ಒಂದು ಕೊಡ ಸಾಲದಿದ್ದರೆ ದೊಡ್ಡದಕ್ಕೆ ಎಷ್ಟು? ಯಾರನ್ನು ಕೇಳಲಿ?

ಅಮಾವಾಸ್ಯೆಯ ಮುಂಜಾನೆ, ಕಟ್ಟಿ ಮುಗಿಸಿದ ದೊಡ್ಡ ಪೀಪಾಯಿಯನ್ನು ಉರುಳಿಸಿಕೊಂಡು ಬಾವಿಕಟ್ಟೆಗೆ ಹೋದೆ. ಊರೆಲ್ಲ ಬಂದಿತ್ತು. ಗುರಬಸಪ್ಪ ಕಾಕಾ ಅದರ ಸುತ್ತ ತಿರುಗಿ, ಬಗ್ಗಿ, ಒಳಗೆ ನೋಡಿದರು.

“ಮೊಳಿ ಇಲ್ಲ, ಅಂಟು ಇಲ್ಲ. ಹೆಂಗ ನಿಂತೈತಿ ಇದು?”

“ಒಂದಕ್ಕೊಂದು ಒತ್ತಿಕೊಂಡು ನಿಂತಾವ್ರಿ.”

“ಇದ್ರಾಗ ನೀರ ನಿಂತ್ರ ನಿನ್ನ ಹೆಸರು ಖರೆ. ನೀರ ಯಾರರ ಸೇದಿ ಹಾಕ್ರಿ, ಕೆಲಸ ಖರೆ ಆಗೂ ತನಕ ಆಕಿಗೆ ಬಾವಿ ಕೊಡೂದಿಲ್ಲ.”

ಯಾರೂ ಮುಂದೆ ಬರಲಿಲ್ಲ. ಸುಳ್ಳು ಹೆಸರಿಗೆಂದು ತಮ್ಮ ಹೆಸರು ಹೇಳಿ ನೀರು ಸೇದಿದರೆ, ನಾಳೆ ತಮ್ಮ ಕೊಡವೂ ಒಣಗೀತೆಂಬ ಅಂಜಿಕೆ ಎಲ್ಲರಿಗೂ. ಕಾಶವ್ವ ಚಿಗವ್ವ ನನ್ನ ಮುಖವನ್ನೇ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, “ಹಗ್ಗದ ಕಾಶವ್ವ!” ಎಂದು ಬಾವಿಗೆ ಬೈದಂತೆ ಕೂಗಿದಳು. ತುಂಬಿದ ಕೊಡ ಬಂತು. ಹೊಯ್ದಳು.

ಪೀಪಾಯಿಯ ಮೈಯೆಲ್ಲ ಕಣ್ಣಾಗಿ ಅತ್ತಂತೆ ನೀರು ಇಳಿಯಿತು. ಜನ ಹೋ ಎಂದರು.

“ಇದು ಜರಡಿ ಮನಿತನದ ಕೆಲಸ” ಎಂದು ಯಾರೋ ಕೂಗಿದರು. ಜರಡಿ ಡಾಕ್ಟರಿಗೆ ಸಿಟ್ಟು ಬಂತು.

ನೀಲಪ್ಪನ ಮುಖ ಅರಳಿತ್ತು. “ನನ್ನ ಗಡಿಗಿ ಒಂದ ಹನಿ ಸೋರಿದ್ರ ಅಲ್ಲೇ ಒಡದ ಹಾಕ್ತೀನಿ. ಇನ್ನೇನ ನೋಡೂದೈತಿ? ಏಳ್ರಿ ಕಾಕಾ.”

ಮಣ್ಣಿನ ಪಾತ್ರೆಯ ಊರು ನಮ್ಮದು. ಮೊದಲು ಸೋರಿ ಆಮೇಲೆ ನಿಲ್ಲುವ ಪಾತ್ರೆಯನ್ನು ಯಾರೂ ಕಂಡವರಲ್ಲ. ಗುರಬಸಪ್ಪ ಕಾಕಾ ಏಳಲು ಮಂಡಿಗೆ ಕೈ ಊರಿದ್ದರು.

“ಕಾಕಾ, ಮಣ್ಣು ಬೆಂಕಿ ತಿಂದ ಗಟ್ಟಿ ಆಗತೈತಿ, ಕಟಗಿ ನೀರ ಕುಡದ ಗಟ್ಟಿ ಆಗತೈತಿ” ಎಂದೆ. “ಅದಕ್ಕಿನ್ನೂ ನೀರಡಿಕಿ ಹೋಗಿಲ್ಲ. ಹೊತ್ತ ಮುಳಗೂ ತನಕ ಹಾಕ್ರಿ. ಆಮ್ಯಾಲೂ ಸೋರಿದ್ರ ನಾನಽ ಹೊಂಟ ಹೋಗ್ತೀನಿ.”

ಕಾಕಾ ನನ್ನನ್ನು ನೋಡಿದರು, ಪೀಪಾಯಿಯನ್ನು ನೋಡಿದರು. “ಅಮಾಸಿ ಅಂದ್ರ ಹೊತ್ತ ಮುಳಗೂ ತನಕ ಅಮಾಸಿನಽ” ಎಂದು ಮತ್ತೆ ಕೂತರು.

ಕಾಶವ್ವ ಸೇದಿದಳು, ಹೊಯ್ದಳು, ಸೇದಿದಳು. ಹಗ್ಗ ಹೊಸೆದ ತೋಳು, ಆದರೂ ಬಿಸಿಲೇರಿದಂತೆ ಸೋತಿತು. ಕಟ್ಟೆಗೆ ಒರಗಿ, “ನನ್ನ ಕೈಲಿ ಆಗೂದಿಲ್ಲವಾ” ಎಂದಳು. ನೀರು ಇಳಿಯುತ್ತಲೇ ಇತ್ತು. ಬೇರೆ ಯಾರೂ ಕೊಡ ಮುಟ್ಟಲಿಲ್ಲ. ನಾನು ಪೀಪಾಯಿಯ ಪಟ್ಟಿಯನ್ನು ಕೈಯಿಂದ ಒತ್ತಿ ಹಿಡಿದು ನಿಂತೆ, ಹಾಗೆ ಹಿಡಿದರೆ ನೀರು ನಿಲ್ಲುವುದಿಲ್ಲವೆಂದು ಗೊತ್ತಿದ್ದೂ.

ನೀಲಪ್ಪ ಬಗ್ಗಿ ತಳ ನೋಡುತ್ತಿದ್ದ. ನೋಡುತ್ತ ನೋಡುತ್ತ ಅವನ ಹುಬ್ಬು ಗಂಟಾಯಿತು. ಬೆರಳಿಟ್ಟು ಒಂದು ಸಂದಿಯನ್ನು ಸವರಿದ.

“ಇಲ್ಲೆ ಆಗ ಸೋರತಿತ್ತು. ಈಗ ಇಲ್ಲ.”

“ಮತ್ತ ಆಕಿ ಹೇಳಾಕತ್ತಾಳಲ್ಲೋ” ಎಂದಳು ಕಾಶವ್ವ.

“ತಡಿಬೇ. ಸೋರೂದು ತಾನಽ ನಿಲ್ಲೂದು ಅಂದ್ರೇನು? ಏನೋ ಮೋಸ ಐತಿ. ಒಳಗ ಮೇಣ ಹಚ್ಚ್ಯಾಳ.” ಕೈ ಹಾಕಿ ಒಳಗೆಲ್ಲ ತಡವಿದ. ಮೇಣವಿರಲಿಲ್ಲ. “ನಾನಽ ನೀರ ಹಾಕಿ ಹಿಡೀತೀನಿ ಇದನ್ನ. ಕೊಡ ಕೊಡು ಇಲ್ಲೆ.”

“ಗಡಿಗಿ ನೀಲಪ್ಪ!” ಎಂದು ಬಾವಿಗೆ ಕೂಗಿ ಸೇದಿದ. ಹೊಯ್ದ, ಮಂಡಿಯೂರಿ ನೋಡಿದ. ಸಾಲದೆನಿಸಿ ಮತ್ತೆ ಸೇದಿದ. ಅವನಿಗೆ ಕಾಣದ ಮೋಸ ತನಗೆ ಕಾಣುತ್ತದೆಂದು ಜರಡಿ ಡಾಕ್ಟರು ತೋಳು ಮಡಚಿ ಬಂದರು. ಇಬ್ಬರೂ ಕೂಡಿ ಏನೋ ಮುಚ್ಚಿಡುತ್ತಿದ್ದಾರೆಂದು ವಕೀಲರು ಬಂದರು, ಪ್ರತಿ ಸಂದಿಗೂ ಅಡ್ಡಪ್ರಶ್ನೆ ಕೇಳುವವರಂತೆ ತಲೆ ವಾಲಿಸಿ ನೋಡಿದರು. ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿಲ್ಲದ ನಮ್ಮೂರು ಸಾಲುಗಟ್ಟಿ ನಿಂತು, ತನ್ನ ತನ್ನ ಅಡ್ಡಹೆಸರು ಕೂಗಿ, ನನ್ನ ಸುಳ್ಳು ಹಿಡಿಯಲೆಂದು ನೀರು ಹೊತ್ತು ಹಾಕಿತು. ದೂರದಲ್ಲಿ ಫಿಲೋಮಿನಾ ಅಕ್ಕಾರು ಕೊಡೆ ಹಿಡಿದು ನಿಂತಿದ್ದರು. ಅವರಿಗೆ ಮನೆ ಬೇಕಿತ್ತೋ, ಪೀಪಾಯಿ ನಿಲ್ಲಬೇಕಿತ್ತೋ, ಆ ಮುಖದಿಂದ ನನಗೆ ಇವತ್ತಿಗೂ ಹೇಳಲಾಗದು.

ಮಧ್ಯಾಹ್ನ ಇಳಿಯುವಾಗ ಧಾರೆಗಳು ಹನಿಗಳಾದವು. ಹಲಗೆಗಳು ಒಳಗೊಳಗೇ ಕಟಕಟ ಎಂದವು, ಚಳಿಗೆ ಬೆರಳಿನ ನೆಟಿಗೆ ಮುರಿದಂತೆ. ನೀರು ಅರ್ಧಕ್ಕೇರಿತು, ಆಮೇಲೆ ಮೇಲಿನ ಪಟ್ಟಿಯ ತನಕ ಬಂತು. ತಳದ ಹತ್ತಿರ ಒಂದೇ ಒಂದು ಹನಿ ಕೂಡುತ್ತಿತ್ತು, ಬೀಳುತ್ತಿತ್ತು, ಮತ್ತೆ ಕೂಡುತ್ತಿತ್ತು. ಊರೆಲ್ಲ ಆ ಹನಿಯ ಸುತ್ತ ಕುಕ್ಕರಗಾಲಲ್ಲಿ ಕೂತಿತು. ಯಾರೋ ಕೆಮ್ಮಿದರೆ ಹತ್ತು ಜನ ಹೊರಳಿ ನೋಡಿದರು. ಹನಿ ದಪ್ಪವಾಯಿತು, ತೂಗಿತು, ಬೀಳಲಿಲ್ಲ.

“ಬೂದಿ ತರ್ರಿ” ಎಂದರು ಗುರಬಸಪ್ಪ ಕಾಕಾ. ಹೊತ್ತು ಗುಡ್ಡಕ್ಕೆ ತಾಗಿತ್ತು. ತುಂಬಿದ ಪೀಪಾಯಿಯನ್ನು ನಾಲ್ಕು ಜನ ಎತ್ತಿ ಒಣ ಚಪ್ಪಡಿಯ ಮೇಲಿಟ್ಟರು, ಮೈ ಒರೆಸಿದರು. ಕಾಶವ್ವ ಒಲೆಯಿಂದ ತಂದ ಬೂದಿಯನ್ನು ಕಾಕಾ ತಮ್ಮ ಕೈಯಿಂದ ತಳದ ಸುತ್ತ ತೆಳ್ಳಗೆ ಉದುರಿಸಿದರು. ಒಂದು ಹನಿ ಬಿದ್ದರೂ ಕರಿಯ ಚುಕ್ಕೆ ಕಾಣಬೇಕು. ಹೊತ್ತು ಮುಳುಗಿತು. ನಾನು ಪೀಪಾಯಿಯ ಕಡೆ ನೋಡಲಾರದೆ ನೆಲ ನೋಡುತ್ತಿದ್ದೆ, ಅಲ್ಲಿ ಬೂದಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ನೀಲಪ್ಪ ಹೊಟ್ಟೆಯ ಮೇಲೆ ಮಲಗಿ, ಕೆನ್ನೆ ಚಪ್ಪಡಿಗೆ ಹಚ್ಚಿ, ಸುತ್ತಲೂ ತೆವಳಿಕೊಂಡು ನೋಡಿ ಬಂದ. ಬೆರಳಿಂದ ಬೂದಿ ಎತ್ತಿ, ಕಣ್ಣಿನ ಹತ್ತಿರ ಹಿಡಿದು, ಉಫ್ ಎಂದು ಊದಿದ. ಅದು ಹಾರಿ ಅವನ ಮೀಸೆಯ ಮೇಲೇ ಕೂತಿತು.

“ಬೂದಿ ಒಣಾ ಐತಿ. ಒಂದ ಹನಿನೂ ಬಿದ್ದಿಲ್ಲ” ಎಂದ, ನನ್ನ ಮೇಲೆ ತಪ್ಪು ಹೊರಿಸುವವನಂತೆ.